ಕಣ್ಣು ತೆರೆಸುವ ಕೆಲಸ

ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ನಾನು ಓದು ಬಿಟ್ಟೆ. ಎಂಟನೇ ಕ್ಲಾಸಿನಲ್ಲಿ ಫೇಲಾಗಿದ್ದೆ. ಮತ್ತೆ ಅದೇ ಕ್ಲಾಸಿಗೆ ಹೋದರೆ ನನ್ನ ತಮ್ಮನ ಪಕ್ಕದಲ್ಲಿ ಕೂರಬೇಕಿತ್ತು. ಕೂರಲಿಲ್ಲ. ಸಾಸ್ವೆಹಳ್ಳಿಯಿಂದ ಚನ್ನಗಿರಿಗೆ ಹೋಗಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಕಲಿತು, ಏಳು ವರ್ಷಕ್ಕೆ ಹೊನ್ನಾಳಿಯಲ್ಲಿ ನನ್ನದೇ ಬೋರ್ಡು ಹಾಕಿದೆ. ಬೋರ್ಡು ಬರೆದದ್ದೂ ನಾನೇ. ಯಾರ ಹಂಗೂ ಇಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದಿನದನ್ನು ಓದಿ ನೀವು ನನ್ನನ್ನು ಪುಕ್ಕಲ ಎಂದುಕೊಳ್ಳುತ್ತೀರಿ. ಅಂದುಕೊಳ್ಳಿ, ಆದರೆ ದುಡಿದು ತಿನ್ನುವ ಪುಕ್ಕಲ ಎಂಬುದು ತಲೆಯಲ್ಲಿರಲಿ.

ನನಗೆ ನನ್ನ ಮುಖದ ಫೋಟೋ ಕಂಡರೆ ಹೆದರಿಕೆ. ನಾಚಿಕೆಯಲ್ಲ, ಬೇಸರವೂ ಅಲ್ಲ, ಹೆದರಿಕೆಯೇ. ಅಂಗಡಿಯ ಗೋಡೆಯ ಮೇಲೆ ಮದುಮಕ್ಕಳಿದ್ದಾರೆ, ಬೋರಲು ಮಲಗಿ ತಲೆಯೆತ್ತಿದ ಕೂಸುಗಳಿವೆ, ರೇಡಿಯೋ ಪಕ್ಕ ಎದೆಯುಬ್ಬಿಸಿ ನಿಂತ ಪೈಲ್ವಾನರಿದ್ದಾರೆ. ಅಂಗಡಿಯ ಯಜಮಾನ ಮಾತ್ರ ಇಲ್ಲ. ಯಾಕೆ ಎಂದು ಕೇಳಿದವರಿಗೆ, "ನಮ್ಮ ಮುಖ ನಾವೇ ನೇತು ಹಾಕ್ಕಂಡ್ರೆ ಚೆಂದ ಕಾಣ್ತತೇನ್ರೀ?" ಎಂದು ವಿನಯ ತೋರಿಸುತ್ತೇನೆ. ವಿನಯ ನನಗೆ ಒಗ್ಗುವ ಗುಣವಲ್ಲ. ಅದು ಹೆದರಿಕೆಗೆ ಹೊದಿಸಿದ ಬಟ್ಟೆ.

ಸ್ವಲ್ಪ ಯೋಚಿಸಿ ನೋಡಿ. ಮನುಷ್ಯ ಹುಟ್ಟಿದಾಗಿನಿಂದ ಸಾಯುವವರೆಗೆ ತನ್ನ ಮುಖವನ್ನು ಒಂದು ಸಲವೂ ನೇರವಾಗಿ ನೋಡುವುದಿಲ್ಲ. ಕತ್ತು ತಿರುಗಿಸಿದರೆ ಬೆನ್ನಾದರೂ ಅಷ್ಟಿಷ್ಟು ಕಂಡೀತು, ಮುಖ ಕಾಣುವುದಿಲ್ಲ. ಕನ್ನಡಿ ತೋರಿಸುವುದು ಎಡಬಲ ಬದಲಾದ ಮುಖ. ಅದಕ್ಕೇ ಫೋಟೋ ಕೈಗಿಟ್ಟ ಕೂಡಲೇ ಬಹಳ ಜನ, "ಇದು ನನ್ನಂಗೆ ಬಂದಿಲ್ಲ" ಅನ್ನುತ್ತಾರೆ. ಜೊತೆಯಲ್ಲಿ ಬಂದವರು, "ನಿನ್ನಂಗೇ ಬಂದೈತೆ ಬಿಡಪ್ಪ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬ ತನ್ನ ಕನ್ನಡಿಯನ್ನು ನಂಬಿದ್ದಾನೆ, ಇನ್ನೊಬ್ಬ ತನ್ನ ಕಣ್ಣನ್ನು. ನಡುವೆ ನಿಂತ ಫೋಟೋಗ್ರಾಫರನನ್ನು ಯಾರೂ ನಂಬುವುದಿಲ್ಲ.

ನನ್ನ ಹೆದರಿಕೆ ಶುರುವಾದದ್ದು ಕಣ್ಣು ತೆರೆಸುವ ಕೆಲಸದಿಂದ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ನಮ್ಮ ಕಡೆ ಮನುಷ್ಯನಿಗೆ ಮದುವೆಯಲ್ಲೊಂದು ಫೋಟೋ, ಸತ್ತಾಗೊಂದು. ಮದುವೆಯದು ಎಲ್ಲರಿಗೂ ಇರುತ್ತಿರಲಿಲ್ಲ. ಲಿಂಗ ಕಟ್ಟಿದ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಕೊರಳಿಗೆ ಹಾರ. ಇಷ್ಟೆಲ್ಲ ಆದ ಮೇಲೆ ಯಾರಿಗೋ ನೆನಪಾಗುತ್ತಿತ್ತು: "ಅಯ್ಯೋ, ಇವರದ್ದೊಂದು ಫೋಟೋನೇ ಇಲ್ವಲ್ಲ!" ಸೈಕಲ್ಲಿನ ಮೇಲೆ ಒಬ್ಬ ಧಾವಿಸಿ ಬರುತ್ತಿದ್ದ, ನಾನು ಕ್ಯಾಮೆರಾ ಹೊತ್ತು ಹೋಗುತ್ತಿದ್ದೆ. ಕಾರ್ಯದ ದಿನಕ್ಕೆ ಪಟ ಸಿದ್ಧವಾಗಬೇಕು. ಇರುವುದು ಒಂದೇ ಷರತ್ತು: "ಕಣ್ಣು ತೆರೆಸಿ ಕೊಡ್ರಿ." ಕಣ್ಣು ಮುಚ್ಚಿದ ಪಟಕ್ಕೆ ದೀಪ ಹಚ್ಚುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

ದೇವರ ವಿಗ್ರಹ ಕಡೆಯುವವರೂ ಕಣ್ಣನ್ನು ಕೊನೆಗೆ ಬಿಡಿಸುತ್ತಾರೆ ಎಂದು ಕೇಳಿದ್ದೇನೆ. ಆ ಹೊತ್ತಿನಲ್ಲಿ ವಿಗ್ರಹದ ಎದುರಿಗೆ ಮನುಷ್ಯರು ನಿಲ್ಲಬಾರದಂತೆ. ಮೊದಲ ನೋಟ ಬೀಳುವುದಕ್ಕೆ ಕನ್ನಡಿ ಹಿಡಿಯುತ್ತಾರಂತೆ. ಎಂಥ ತಿಳಿವಳಿಕೆಯ ಜನ! ನನಗೆ ಈ ಮಾತು ಯಾರೂ ಮೊದಲೇ ಹೇಳಲಿಲ್ಲ. ನಾನು ಕಣ್ಣು ತೆರೆಸಿದ ಮುಖಗಳೆಲ್ಲ ಮೊದಲು ನೋಡಿದ್ದು ನನ್ನನ್ನೇ.

ಚನ್ನಗಿರಿಯಲ್ಲಿ ಕಲಿತದ್ದು ಸಣ್ಣ ಕುಂಚದಲ್ಲಿ ಕಣ್ಣು ಬರೆಯುವುದು. ಮುಚ್ಚಿದ ರೆಪ್ಪೆಯ ಮೇಲೆ ಬಿಳಿ ಬಳಿದು, ಕಪ್ಪು ಗುಡ್ಡೆ ಇಟ್ಟು, ಮೇಲೊಂದು ಹೊಳಪಿನ ಚುಕ್ಕೆ. ದೂರದಿಂದ ಪರವಾಗಿಲ್ಲ. ಹತ್ತಿರ ಹೋದರೆ ಯಜಮಾನರು ತೊಗಲುಗೊಂಬೆಯಾಗಿರುತ್ತಿದ್ದರು. ಜನ ಅಷ್ಟಕ್ಕೇ ಒಪ್ಪುತ್ತಿದ್ದರು. ಒಪ್ಪದೆ ಇದ್ದವಳು ಹಾಲಮ್ಮ ಒಬ್ಬಳೇ.

ಹೊನ್ನಾಳಿಯಲ್ಲಿ ಬೋರ್ಡು ಹಾಕಿದ ವರ್ಷವೇ ಆಕೆ ಬಂದದ್ದು. ಗಂಡನ ಮನೆ ಜಗಳೂರು; ಗಂಡ ಜ್ವರದಲ್ಲಿ ಹೋಗಿಬಿಟ್ಟಿದ್ದ. ಏಳು ತಿಂಗಳ ಬಸುರಿಯನ್ನು ಅವಳ ಅಣ್ಣ ಗೋವಿನಕೋವಿಯ ತವರಿಗೆ ಕರೆದುಕೊಂಡು ಬಂದಿದ್ದ. ಜಗಳೂರಿನಲ್ಲಿ ಯಾರೋ ತೆಗೆದಿದ್ದ ನೆಗೆಟಿವ್ ತಂದಿದ್ದರು. ಕೂರಿಸಿದ ದೇಹ, ಮುಚ್ಚಿದ ಕಣ್ಣು. ಮಾದರಿಗೆಂದು ನಾನು ಬರೆದ ಒಂದು ಪಟ ತೋರಿಸಿದೆ. ಆಕೆ ನೋಡಿದಳು.

"ಗೊಂಬೆ ಕಣ್ಣು ಬ್ಯಾಡ್ರಿ ಅಣ್ಣಾರೆ. ಹುಟ್ಟೋ ಕೂಸು ಅಪ್ಪನ್ನ ನೋಡಂಗಿಲ್ಲ. ಈ ಪಟಾನೇ ಅದಕ್ಕೆ ಅಪ್ಪ. ಜೀವ ಇರೋ ಕಣ್ಣು ಇಡ್ರಿ."

ಆಗಲ್ಲಮ್ಮ ಎಂದು ಹೇಳಬಹುದಿತ್ತು. ತಮ್ಮನ ಪಕ್ಕ ಕೂರಲೊಪ್ಪದ ಮನುಷ್ಯನ ಬಾಯಲ್ಲಿ ಆ ಮಾತು ಬರುವುದಿಲ್ಲ. "ಎಂಟು ದಿನ ಬಿಟ್ಟು ಬರ್ರಿ" ಅಂದೆ.

ಜೀವ ಇರುವ ಕಣ್ಣು ಬೇಕೆಂದರೆ ಜೀವ ಇರುವವರೇ ಕೊಡಬೇಕು. ನಿನ್ನ ಕಣ್ಣಿನ ಫೋಟೋ ತೆಗೆದು ಸತ್ತವನ ಮುಖಕ್ಕೆ ಅಂಟಿಸುತ್ತೇನೆ ಎಂದರೆ ಯಾರು ಬಂದು ಕೂರುತ್ತಾರೆ? ಉಳಿದವನು ನಾನು. ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ, ಕ್ಯಾಮೆರಾದ ಮಡಿಕೆ ಮಡಿಕೆಯ ತಿದಿಯನ್ನು ಎಳೆಯುವಷ್ಟೂ ಎಳೆದು, ಮುಖ ಗಾಜಿನ ತುಂಬ ಬರುವಷ್ಟು ಹತ್ತಿರಕ್ಕೆ ಸ್ಟೂಲು ಹಾಕಿದೆ. ನನ್ನನ್ನು ನಾನೇ ಫೋಕಸ್ ಮಾಡುವುದು ಹೇಗೆ? ಸ್ಟೂಲಿನ ಮೇಲೆ ಪೊರಕೆ ನಿಲ್ಲಿಸಿ, ಅದರ ತುದಿ ಸ್ಪಷ್ಟ ಮಾಡಿಕೊಂಡು, ಆಮೇಲೆ ಪೊರಕೆ ತೆಗೆದು ಆ ಜಾಗಕ್ಕೆ ಮೂಗು ತಂದಿಟ್ಟೆ. ಕೈಯಲ್ಲಿ ರಬ್ಬರ್ ಬುರುಡೆ. ಒತ್ತಿದರೆ ಲೆನ್ಸು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಎರಡು ಫೋಟೋ ತೆಗೆದೆ. ಅಂಟಿಸಿ ಅಭ್ಯಾಸ ಮಾಡಲು ಎರಡೂ ಕಣ್ಣು ಮುಚ್ಚಿದ್ದೊಂದು. ಕಣ್ಣು ತೆರೆದದ್ದು ಇನ್ನೊಂದು.

ಕಣ್ಣು ತೆರೆದು ಕೂತಾಗ ಮೊದಲ ಸಲ ಗೊತ್ತಾಯಿತು, ಇಷ್ಟು ವರ್ಷ ಜನರನ್ನು ಎಂಥ ಜಾಗದಲ್ಲಿ ಕೂರಿಸಿ "ಸ್ವಲ್ಪ ನಗ್ರಿ" ಅನ್ನುತ್ತಿದ್ದೆ ಎಂದು. ಗೇಣು ದೂರದಲ್ಲಿ ಕಪ್ಪನೆಯ ಗಾಜು. ಅದರೊಳಗೆ ಕಡಲೆಬೀಜದಷ್ಟು ಚಿಕ್ಕ ಒಬ್ಬ ಮನುಷ್ಯ ಕೂತು ನನ್ನನ್ನೇ ನೋಡುತ್ತಿದ್ದಾನೆ. ಅವನು ಒಳಗೆ, ನಾನು ಹೊರಗೆ. ಇಲ್ಲ, ನಾನೇ ಒಳಗಿರಬಹುದೆ? ಬುರುಡೆ ಒತ್ತಿ ಮೂರು ಎಣಿಸುವಷ್ಟರಲ್ಲಿ ಬೆನ್ನು ಬೆವೆತಿತ್ತು.

ಪ್ರಿಂಟು ಹಾಕುವಾಗ ಇನ್ನೊಂದು ಹೆದರಿಕೆ. ಔಷಧಿಯ ನೀರಿನಲ್ಲಿ ಬಿಳಿ ಕಾಗದ ಅಲ್ಲಾಡಿಸುತ್ತಿದ್ದರೆ ಕಪ್ಪಾಗಿರುವುದು ಮೊದಲು ಮೇಲೆ ಬರುತ್ತದೆ. ನೂರಾರು ಜನರ ಮುಖ ಹಾಗೇ ಎಬ್ಬಿಸಿದ್ದೆ, ಏನೂ ಅನಿಸಿರಲಿಲ್ಲ. ಆ ದಿನ ಕೆಂಪು ಬಲ್ಬಿನ ಕೆಳಗೆ ನನ್ನ ಎರಡು ಗುಡ್ಡೆ, ಎರಡು ಮೂಗಿನ ಹೊಳ್ಳೆ, ನಾಲ್ಕೇ ಚುಕ್ಕೆ, ಮುಖವೇ ಇಲ್ಲದೆ ತೇಲಿ ಬಂದವು. ಹಿಂದಿನಿಂದ ನಿಧಾನಕ್ಕೆ ಚರ್ಮ ಬಂತು. ಒಂದೊಂದು ರಂಧ್ರವೂ ಬಾವಿಯಂತೆ. ನಾನು ಚಿಮಟ ಬಿಟ್ಟು ಹೊರಗೆ ಬಂದು ಬೀದಿಯಲ್ಲಿ ನಿಂತೆ. ಎದುರು ಹೋಟೆಲಿನವನು, "ಯಾಕ್ರೀ, ಒಳಗೆ ಹಾವು ಬಂತೇನು?" ಅಂದ. "ಇಲ್ಲ, ನಾನೇ ಇದೀನಿ" ಅಂದೆ. ಅವನು ನಕ್ಕ.

ನನ್ನ ಹೆಂಡತಿ ನಗಲಿಲ್ಲ. ಮದುವೆಯಾಗಿ ಆರು ತಿಂಗಳಾಗಿತ್ತು. ಊಟದ ಡಬ್ಬಿ ತಂದವಳು, ದಾರದ ಮೇಲೆ ಒಣಹಾಕಿದ್ದ ಕಣ್ಣು ಮುಚ್ಚಿದ ನನ್ನ ಮುಖ ನೋಡಿ ಡಬ್ಬಿ ಬೀಳಿಸಿದಳು. "ಜೀವ ಇರೋ ಮನುಷ್ಯ ಕಣ್ಣು ಮುಚ್ಕಂಡು ಫೋಟೋ ತೆಗೆಸ್ಕಂತಾನೇನ್ರೀ? ನಿಮಗೇನು ಬಂದೈತೆ?" ಸಂಜೆ ಮನೆಯಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಮೊದಲು ಫೋಟೋಕ್ಕೆ, ಆಮೇಲೆ ನನಗೆ. ಯಾವುದು ಅಸಲು ಎಂಬುದರಲ್ಲಿ ಅವಳಿಗೂ ಅನುಮಾನ ಬಂದಿತ್ತೆಂದು ಕಾಣುತ್ತದೆ.

ಕೆಲಸ ಮಾತ್ರ ಬಿಡಲಿಲ್ಲ. ಸತ್ತವನ ಮುಖದ ಅಳತೆಗೆ ನನ್ನ ಕಣ್ಣಿನ ಪ್ರಿಂಟು ಹಾಕಿದೆ. ರೆಪ್ಪೆಯ ಮಡಿಕೆಗುಂಟ ಬ್ಲೇಡಿನಲ್ಲಿ ಕತ್ತರಿಸಿ, ಅಂಚನ್ನು ಹಿಂದುಗಡೆಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಉಜ್ಜಿ, ಅಂಟಿಸಿ, ಸಂದು ಕಾಣದಂತೆ ಕುಂಚ ಆಡಿಸಿ, ಇಡೀ ಪಟವನ್ನು ಮತ್ತೆ ಫೋಟೋ ತೆಗೆದೆ. ಹೆಮ್ಮೆಯಿಂದ ಹೇಳುತ್ತೇನೆ, ಇವತ್ತಿಗೂ ಭೂತಗನ್ನಡಿ ಹಿಡಿದು ನೋಡಿ, ಸಂದು ಸಿಕ್ಕುವುದಿಲ್ಲ. ಎರಡು ಪ್ರತಿ ಮಾಡಿದೆ, ಒಂದು ಜಗಳೂರಿನ ಮನೆಗೆ. ಹಾಲಮ್ಮನ ಅಣ್ಣ, "ಭಾವ ಎದ್ದು ಬಂದಂಗೈತಲ್ರೀ!" ಅಂದ. ಆಕೆ ಪಟವನ್ನು ಬಹಳ ಹೊತ್ತು ನೋಡಿದಳು. ಒಂದು ಸಲ ನನ್ನ ಮುಖ ನೋಡಿದಳು. ಪಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಅವರು ಹೋದ ಮೇಲೆ ಮುಖ ತೊಳೆಯುತ್ತಾ ಕನ್ನಡಿ ನೋಡಿದೆ. ನನ್ನ ಎಡಗಣ್ಣಿನ ಬಿಳಿಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ ಇದೆ, ಹುಟ್ಟಿದಾಗಿನಿಂದ. ಊರಿನವರ ಮಚ್ಚೆ, ಸಿಡುಬಿನ ಕಲೆ, ಮೊಡವೆ, ಎಲ್ಲವನ್ನೂ ಸೀಸದ ಕಡ್ಡಿಯಲ್ಲಿ ಅಳಿಸುವ ನಾನು ನನ್ನ ಚುಕ್ಕೆ ಅಳಿಸಿರಲಿಲ್ಲ. ದಿನಾ ನೋಡುವುದರಿಂದ ಅದು ಕಲೆ ಎಂದೇ ಹೊಳೆದಿರಲಿಲ್ಲ. ಎರಡು ಪಟವೂ ಹೋಗಿಯಾಗಿತ್ತು.

ಸುದ್ದಿ ಹಬ್ಬಿತು: ಹೊನ್ನಾಳಿಯವನು ತೆರೆಸಿದರೆ ಕಣ್ಣು ಜೀವಂತ. ಚನ್ನಗಿರಿಯ ನನ್ನ ಹಳೆಯ ಯಜಮಾನರೇ ನೆಗೆಟಿವ್ ಕಳಿಸತೊಡಗಿದರು. ಬೇರೆ ಕಣ್ಣು ತೆಗೆಯೋಣವೆಂದು ಮತ್ತೆ ಮತ್ತೆ ಸ್ಟೂಲಿನ ಮೇಲೆ ಕೂತೆ. ಪ್ರತಿ ಸಲವೂ ಮೊದಲಿಗಿಂತ ಬೆದರಿದ ಮುಖ ಬಂತು. ಕೊನೆಗೆ ಆ ಮೊದಲ ನೆಗೆಟಿವನ್ನೇ ಎಲ್ಲರಿಗೂ ಬಳಸಿದೆ, ಚುಕ್ಕೆ ಅಳಿಸಿ. ಮುದುಕರಿಗೆ ಸ್ವಲ್ಪ ಮಬ್ಬು ಮಾಡುತ್ತಿದ್ದೆ, ಅಷ್ಟೇ. ಸವಳಂಗದ ಒಂದು ಮನೆಗೆ ನಾಮಕರಣದ ಫೋಟೋಕ್ಕೆ ಹೋಗಿದ್ದಾಗ ಹೋಳಿಗೆ ಬಡಿಸಿ ಕೂರಿಸಿದರು. ತಲೆ ಎತ್ತಿದರೆ ಎದುರು ಗೋಡೆಯ ಮೇಲಿನ ಅಜ್ಜ ನನ್ನ ಕಣ್ಣಿನಿಂದ ನನ್ನ ಎಲೆಯನ್ನೇ ನೋಡುತ್ತಿದ್ದಾನೆ. "ನಮ್ಮಜ್ಜ ಏನೋ ಹೇಳಾಕೆ ಬಾಯಿ ತೆಗೆಯಂಗೈತೆ ನೋಡ್ರಿ" ಎಂದರು ಮನೆಯವರು. ಹೇಳಿಬಿಟ್ಟರೆ ಏನು ಗತಿ? ಎರಡನೇ ಹೋಳಿಗೆ ಬೇಡವೆಂದೆ. ಒಬ್ಬನ ಕಣ್ಣು ಅಷ್ಟು ಜನ ಸತ್ತವರಲ್ಲಿ ತೆರೆದಿದ್ದರೆ, ಅವನ ಆಯುಸ್ಸು ಯಾರ ಲೆಕ್ಕಕ್ಕೆ ಹೋಗುತ್ತದೆ ಎಂಬ ಯೋಚನೆ ಆಗಾಗ ಬರುತ್ತಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಗೋವಿನಕೋವಿಯ ಪಟಕ್ಕೆ. ಅಲ್ಲೊಂದು ಕೂಸು ನನ್ನ ಕಣ್ಣನ್ನು ಅಪ್ಪ ಎಂದುಕೊಂಡು ಬೆಳೆಯುತ್ತಿತ್ತು. ಅದಕ್ಕೆ ನಿಜ ಗೊತ್ತಾದ ದಿನ ಅದರ ಅಪ್ಪ ಎರಡನೇ ಸಲ ಸಾಯುತ್ತಾನೆ. ಆ ಸಲ ಕೊಂದವನು ನಾನಾಗಿರುತ್ತೇನೆ.

ಎಂಬತ್ತೆಂಟರಲ್ಲಿ ಹಾಲಮ್ಮ ಮಗಳನ್ನು ಕರೆದುಕೊಂಡು ಬಂದಳು. ಹಾಸ್ಟೆಲ್ಲಿನ ಅರ್ಜಿಗೆ ಫೋಟೋ ಬೇಕಿತ್ತು. ಎರಡು ಜಡೆಯ ಹತ್ತು ವರ್ಷದ ಹುಡುಗಿ. ಅದೇ ಸ್ಟೂಲಿನ ಮೇಲೆ ಕೂರಿಸಿದೆ. ನಾನು ಆದಷ್ಟು ಕ್ಯಾಮೆರಾದ ಕರಿಬಟ್ಟೆಯ ಒಳಗೇ ಇದ್ದೆ. ಆದರೆ ಗದ್ದ ನೇರ ಮಾಡುವುದಕ್ಕೆ ಹತ್ತಿರ ಹೋಗಲೇಬೇಕಲ್ಲ. ಹೋದೆ. ಹುಡುಗಿ ನನ್ನ ಮುಖವನ್ನೇ ದಿಟ್ಟಿಸಿತು.

"ಮಾಮ, ನಿಮ್ಮ ಕಣ್ಣಾಗೆ ಚುಕ್ಕಿ ಐತೆ."

ನನ್ನ ಕೈ ಅದರ ಗದ್ದದ ಕೆಳಗೇ ನಿಂತಿತು.

"ನಮ್ಮ ಅಪ್ಪಾಜಿಗೂ ಹಿಂಗೇ ಐತೆ. ಎಡಗಣ್ಣಾಗೇ."

ನಾನು ಹಾಲಮ್ಮನ ಕಡೆ ನೋಡಿದೆ. ಆಕೆ ಅಲ್ಲಾಡಲಿಲ್ಲ. "ಎಷ್ಟೋ ಜನಕ್ಕಿರ್ತೈತೆ. ಮಾತು ಸಾಕು, ಸುಮ್ನೆ ಮುಂದೆ ನೋಡು."

ಹುಡುಗಿ ಸುಮ್ಮನಾಗುವ ಜಾತಿಯದಲ್ಲ. "ಅಪ್ಪಾಜಿ ಯಾವಾಗ್ಲೂ ನಾನು ಬಿದ್ದೇಬಿಡ್ತೀನೇನೋ ಅನ್ನಂಗೆ ನೋಡ್ತಾರೆ ಮಾಮ. ಹೊಳೆಗೆ ಹೋಗಿ ಬಂದ್ರೆ ಅವರಿಗೆ ಗೊತ್ತಾಗ್ಬಿಡ್ತೈತೆ. ಅದಕ್ಕೇ ನಾನು ಹೋಗಂಗಿಲ್ಲ."

ಫೋಟೋ ಹೇಗೋ ತೆಗೆದೆ. ಹಾಲಮ್ಮ ಮಗಳನ್ನು ಬಸ್ಸು ಬಂತೇ ನೋಡೆಂದು ಹೊರಗೆ ಕಳಿಸಿದಳು. ನಾನು, "ತಂಗಿ, ತಪ್ಪಾಗೈತೆ. ಪಟ ತಂದ್ಕೊಡು. ಚುಕ್ಕಿ ಅಳಿಸಿ ಕೊಡ್ತೀನಿ" ಅಂದೆ.

"ಬ್ಯಾಡ್ರಿ" ಅಂದಳು. "ಪಟ ಕೈಗೆ ತಗಂಡಾಗ್ಲೇ ನಂಗೆ ಗೊತ್ತಾತು, ಯಾರ ಕಣ್ಣು ಅಂತ. ನಮ್ಮನೆಯವರು ಕಣ್ಣು ಬಿಟ್ರೆ ನಾವೆಲ್ಲ ಗೋಡೆ ಸೇರ್ತಿದ್ವಿ ಅಣ್ಣಾರೆ. ನಾ ತಿಂದ ಏಟು ನಂಗೇ ಗೊತ್ತು. ಇದು ಅಂಜಿದ ಕಣ್ಣು. ಅಂಜೋ ಮನುಷ್ಯ ಕೈ ಎತ್ತಂಗಿಲ್ಲ. ಹುಟ್ಟೋ ಕೂಸಿಗೆ ಇಂಥಾ ಅಪ್ಪನೇ ಇರ್ಲಿ ಅಂತ ಸುಮ್ನಾದೆ." ಬಾಗಿಲ ಹತ್ತಿರ ನಿಂತು ಸಣ್ಣಗೆ ನಕ್ಕಳು. "ಜಗಳೂರಾಗೆ ನಮ್ಮತ್ತೆ ಪಟ ನೋಡಿ ಏನಂದ್ರು ಗೊತ್ತೇನ್ರೀ? 'ಸತ್ತ ಮ್ಯಾಲೆ ನನ್ನ ಮಗಂಗೆ ಬುದ್ಧಿ ಬಂದೈತೆ' ಅಂದ್ರು."

ಬಸ್ಸು ಬಂತು. ಹೋದರು.

ಜೀವಮಾನವೆಲ್ಲ ನಾನು ಧೈರ್ಯದ ಮೇಲೆ ಬದುಕಿದೆ ಎಂದು ಹೇಳಿಕೊಂಡು ತಿರುಗಿದವನು. ಒಬ್ಬರ ಮನೆಗೆ ಉಪಯೋಗಕ್ಕೆ ಬಂದದ್ದು ನನ್ನ ಹೆದರಿಕೆ. ಹಾಗೆಂದು ಅದು ಹೋಗಿದೆ ಎಂದುಕೊಳ್ಳಬೇಡಿ. ಆ ನೆಗೆಟಿವ್ ಇರುವ ಡಬ್ಬಿಯ ಮುಚ್ಚಳ ತೆಗೆಯುವಾಗ ಈಗಲೂ ಮುಖವನ್ನು ಆ ಕಡೆ ತಿರುಗಿಸಿಕೊಳ್ಳುತ್ತೇನೆ. ತೆಗೆಯುವ ಪ್ರಸಂಗವೂ ಕಡಿಮೆಯಾಗಿದೆ. ಜನ ಬದುಕಿರುವಾಗಲೇ ಬಣ್ಣದ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ, ಕಣ್ಣು ಬಿಟ್ಟುಕೊಂಡು.

ಈಗ ನನ್ನದೆಂದು ಇರುವುದು ಇಷ್ಟು: ಹೊನ್ನಾಳಿಯಲ್ಲಿ ಒಂದು ಸ್ಟುಡಿಯೋ, ಎರಡು ಕ್ಯಾಮೆರಾ, ಒಂದು ಸ್ಟೂಲು, ಒಬ್ಬ ಹೆಂಡತಿ, ಇಬ್ಬರು ಗಂಡುಮಕ್ಕಳು. ಚನ್ನಗಿರಿ ಕಡೆ ಗೋಡೆಗಳ ಮೇಲೆ ಮೂರು ಜೊತೆ ಕಣ್ಣು, ಹೊನ್ನಾಳಿಯಲ್ಲಿ ಆರು, ಗೋವಿನಕೋವಿಯದೂ ಸೇರಿ ನ್ಯಾಮತಿ ಕಡೆ ನಾಲ್ಕು, ಜಗಳೂರಿನಲ್ಲಿ ಒಂದು, ನನ್ನ ಮುಖದಲ್ಲಿ ಒಂದು. ಒಟ್ಟು ಹದಿನೈದು ಜೊತೆ. ಅದರಲ್ಲಿ ಚುಕ್ಕೆ ಇರುವವು ಮೂರು.