ತೆನೆಗೆ ತೊಡಿಸಿದ ಕುಲಾವಿ

೧೯೬೭ರಲ್ಲಿ ನಾನು ದೇವರ ಹಿಪ್ಪರಗಿ ಹತ್ತಿರ ಮಕಬೂಲಸಾಬರ ಹೊಲದಲ್ಲಿ ಹೆಣ್ಣಾಳುಗಳ ಮುಕಾದಮಳಾಗಿದ್ದೆ. ಓದಿದ್ದು ಎರಡನೆಯ ಇಯತ್ತೆ. ಕೈಕೆಳಗೆ ಹನ್ನೆರಡು ಮಂದಿ. ಆ ವರ್ಷ ಎರಡು ಎಕರೆಯಲ್ಲಿ ಹೈಬ್ರಿಡ್ ಜೋಳದ ಬೀಜ ತಯಾರಿಸುವ ಕೆಲಸ ಹಿಡಿದಿದ್ದೆವು. ನಮ್ಮ ಸೀಮೆಗೆ ಅದು ಹೊಸದು.

ನಾಲ್ಕು ಹೆಣ್ಣು ಸಾಲು, ಎರಡು ಗಂಡು ಸಾಲು. ಗಿಡ್ಡನೆಯ ಹೆಣ್ಣು ಸಾಲಿನ ತೆನೆಗೆ ಸ್ವಂತ ಪರಾಗವಿಲ್ಲ. ಗಂಡು ಸಾಲಿನ ಹಳದಿ ಪುಡಿ ಗಾಳಿಯಲ್ಲಿ ಬಂದು ಕೂತರೆ ಮಾತ್ರ ಕಾಳು. ಹೆಣ್ಣು ಸಾಲಿನೊಳಗೆ ಬೇರೆ ಜಾತಿಯ ಗಿಡ ಬೆಳೆದಿದ್ದರೆ ಹೂ ಒಡೆಯುವ ಮೊದಲೇ ಕೀಳಬೇಕು. ಇಲ್ಲವಾದರೆ ಇಡೀ ಹೊಲದ ಬೀಜ ನಪಾಸು.

ಎಳ್ಳ ಅಮಾವಾಸ್ಯೆ ಬಂತು. ಹೊಲದ ತುಂಬ ಎಡೆ ಎರಚಿ ಚರಗ ಚೆಲ್ಲುವ ಮೊದಲು ಐದು ದಂಟುಗಳಿಗೆ ಕುಂಕುಮ ಹಚ್ಚಿ ಪಾಂಡವರೆಂದು ಪೂಜಿಸುವುದು ನಮ್ಮ ಮನೆತನದ ರೂಢಿ. ಹೆಣ್ಣು ಸಾಲುಗಳಲ್ಲಿ ಎಲ್ಲಕ್ಕಿಂತ ಎತ್ತರದ, ಚೆಂದದ ಐದನ್ನು ನಾನೇ ಆರಿಸಿದೆ. ಮರುದಿನ ಸಾಲು ನೋಡುತ್ತ ಹೋದಾಗ ನನ್ನ ತಪ್ಪು ಗೊತ್ತಾಯಿತು. ಹೆಣ್ಣು ಸಾಲಿನಲ್ಲಿ ಅಷ್ಟು ಎತ್ತರವೆಂದರೆ ಐದೂ ಹೊರಗಿನ ಗಿಡಗಳೇ. ತೆನೆ ಹೊರಬಂದಿತ್ತು, ಹೂ ಒಡೆದಿರಲಿಲ್ಲ. ಮಾರನೆಯ ದಿನವೇ ಬೀಜದ ಹೊಲ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಬರುವವರಿದ್ದರು.

"ಕಿತ್ತು ಒಗೀರಿ," ಎಂದರು ಮಕಬೂಲಸಾಬರು.

"ಕುಂಕುಮ ಹಚ್ಚಿದ್ದು ಕೀಳಾಂಗಿಲ್ರಿ ಸಾವಕಾರ," ಎಂದಳು ಹಿರಿಯಾಳು ನೀಲವ್ವ. "ಬೇಕಾದ್ರ ನೀವ ಕೀಳ್ರಿ. ನಾಳಿಂದ ನಾವ್ ಬರಾಂಗಿಲ್ಲ."

ಸಾಬರೂ ಕೈ ಹಚ್ಚಲಿಲ್ಲ. "ನಿನ್ನಿ ಹೋಳಿಗಿ ನಾನೂ ಉಂಡೇನಿ," ಎಂದು ನನ್ನತ್ತ ತಿರುಗಿದರು. "ಸಾವಂತ್ರವ್ವ, ಆರಿಸಿದಾಕಿ ನೀನ. ಹಾದಿ ಹುಡಕಾಕಿನೂ ನೀನ."

ಅಕ್ಕನ ಬಾಣಂತನಕ್ಕೆಂದು ತಂದ ದಪ್ಪ ಮಾದರಪಾಟ ಬಟ್ಟೆ ಮನೆಯಲ್ಲಿತ್ತು. ಕೂಸಿನ ತಲೆಗೆ ಹಾಕುವಂಥ, ಎರಡೆರಡು ಪದರಿನ ಐದು ಉದ್ದ ಕುಲಾವಿ ಹೊಲಿದೆ. ಸಂಜೆಯೊಳಗೆ ತೆನೆಗಳಿಗೆ ತೊಡಿಸಿ ಬುಡಕ್ಕೆ ದಾರ ಬಿಗಿದೆ. ಇನ್ನು ಪುಡಿ ಹೊರಗೆ ಹಾರುವಂತಿರಲಿಲ್ಲ.

ಇನ್‌ಸ್ಪೆಕ್ಟರ್ ಬಂದು ನಿಂತು ನೋಡಿದರು. "ಹೊಲದಾಗ ಬಾಣಂತನ ನಡಸೀರೇನವ್ವ?"

"ಹೌದ್ರಿ ಸಾಹೇಬ್ರ. ಇವಕ್ಕ ಗಾಳಿ ತಾಕಬಾರದು."

ಒಂದನ್ನು ಬಿಚ್ಚಿ ನೋಡಿ, ಹೂ ಒಡೆದಿಲ್ಲವೆಂದು ಖಾತ್ರಿಯಾದ ಮೇಲೆ ತಾವೇ ಮತ್ತೆ ಕಟ್ಟಿದರು. "ಹೂ ಮುಗಿಯೋತನಾ ಬಿಚ್ಚಬ್ಯಾಡ್ರಿ. ರಾಶಿಯೊಳಗ ಕೂಡಸಬ್ಯಾಡ್ರಿ."

ಬೀಜ ಪಾಸಾಯಿತು. ಸುಗ್ಗಿಗೆ ಆ ಐದನ್ನು ನೀಲವ್ವನೇ ಬೇರೆಯಾಗಿ ಕೊಯ್ದು ಎತ್ತುಗಳಿಗೆ ಹಾಕಿದಳು.

ಹೋದ ಸೋಮವಾರ ನನಗೆ ಮೊಮ್ಮಗಳು ಹುಟ್ಟಿದಳು. ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ, ಕುಲಾವಿಯೂ ಹೊಲಿದಾಯಿತು, ಕುಣಿಯುವುದೊಂದು ಬಾಕಿ. ನೋಡಲು ಬಂದ ನೆರೆಯಾಕೆ, "ಕೂಸು ಭಾಳ ಸಣ್ಣದೈತಲ್ಲ ಆಯಿ," ಎಂದಳು. ಎತ್ತರ ನೋಡಿ ಆರಿಸಿ ಒಮ್ಮೆ ಬೆವರಿದವಳು ನಾನು.

"ಇರ್ಲಿ ಬಿಡವ್ವ," ಎಂದೆ. "ಬೀಜಕ್ಕ ಇಟ್ಟ ಸಾಲು ಗಿಡ್ಡನ ಇರ್ತೈತಿ."