ಕತ್ತರಿಸಿಹೋದ ಒಂದು ಸಾಲು

ಲಾರೆನ್ಸ್ ಅಂಕಲ್ ಹಾಡು ಕೇಳುತ್ತಿದ್ದುದು ಗೋಡೆಗೆ ಮುಖ ಮಾಡಿ. ಲಂಡನ್ನಿನ ವೆಂಬ್ಲಿಯಲ್ಲಿ ನಮ್ಮ ಫ್ಲ್ಯಾಟಿನ ಎದುರು ಮನೆಯವರು. ರೆಕಾರ್ಡು ಹಾಕಿ, ಕುರ್ಚಿ ತಿರುಗಿಸಿಕೊಂಡು, ಮೇಷ್ಟ್ರು ಶಿಕ್ಷೆ ಕೊಟ್ಟ ಹುಡುಗನಂತೆ ಕೂತಿರುತ್ತಿದ್ದರು. "ಕವರಿನ ಚಿತ್ರ ನೋಡಿದ್ರೆ ಕಿವಿ ಮೋಸ ಹೋಗ್ತದೆ ಮಾರಾಯ" ಎನ್ನುತ್ತಿದ್ದರು.

ಉಡುಪಿ ಕಡೆಯ ಕೊಂಕಣಿ ಮನೆಮಾತಿನವರು. ಶಾಲೆಗೆ ಹೋಗುವ ವಯಸ್ಸಿನಲ್ಲೇ ಲಂಡನ್ನಿಗೆ ಬಂದು, ಯೌವನದಲ್ಲಿ ಒಂದು ರಾಕ್ ಸಂಗೀತದ ವಾರಪತ್ರಿಕೆಗೆ ವಿಮರ್ಶೆ ಬರೆಯುತ್ತಿದ್ದರು. ಪತ್ರಿಕೆ ಬಂದ ದಿನ ಹುಡುಗರು ಟ್ಯೂಬ್ ರೈಲಿನ ಸ್ಟೇಷನ್ನಿನಲ್ಲಿ ನಿಂತೇ ಓದುತ್ತಿದ್ದರಂತೆ. ಇವರ ನಾಲ್ಕು ಸಾಲಿಗೆ ತಂಡಗಳು ಎದ್ದದ್ದೂ ಉಂಟು, ಬಿದ್ದದ್ದೂ ಉಂಟು. ಪತ್ರಿಕೆ ಮುಚ್ಚಿದ ಮೇಲೆ ಪಾರ್ಕ್ ರಾಯಲ್‌ನ ಬಿಸ್ಕತ್ತಿನ ಗೋದಾಮಿನಲ್ಲಿ ನಿವೃತ್ತಿಯವರೆಗೆ ದುಡಿದರು. ಯಾರಾದರೂ ಆ ಪತ್ರಿಕೆಯ ಕಾಲ ಸುವರ್ಣಯುಗ ಅಂದರೆ, "ಎಂತ ಸುವರ್ಣ? ಆಫೀಸಲ್ಲಿ ಹೀಟರ್ ಸಹ ಇರ್ಲಿಲ್ಲ" ಎನ್ನುತ್ತಿದ್ದರು.

ಆ ಕಾಲದ ಬಗ್ಗೆ ಮಾತಾಡಲು ಲೈಬ್ರರಿಯೊಂದು ಅವರನ್ನು ಕರೆಯಿತು. ಅವರಿಗೆ ಮೊಣಕಾಲು ನೋವೆಂದು ನಾನೂ ಜೊತೆಗೆ ಹೋದೆ. ಮಾತು ಮುಗಿದ ಮೇಲೆ ಬಿಳಿ ಗಡ್ಡದವರೊಬ್ಬರು ಎದುರು ಬಂದು ನಿಂತರು. ಒಂದು ತಂಡದ ಹೆಸರು ಹೇಳಿ, ಅದರಲ್ಲಿ ನಾನು ಹಾಡುತ್ತಿದ್ದೆ, ನಮ್ಮ ಮೊದಲ ರೆಕಾರ್ಡಿಗೆ ನೀವು ಬರೆದದ್ದನ್ನು ಓದಿ ಹಾಡುವುದನ್ನೇ ಬಿಟ್ಟೆ, ಆಮೇಲೆ ಫೆಲ್ಥಮ್‌ನಲ್ಲಿ ಬಸ್ಸು ಓಡಿಸಿದೆ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಕೇಳಿದ್ದು ಒಂದೇ: ನಾನು ಅಷ್ಟು ಕೆಟ್ಟದಾಗಿ ಹಾಡಿದ್ದೆನೇ?

ಹಾಡುಗಳು ಚೆನ್ನಾಗಿರಲಿಲ್ಲ, ಆ ಮಾತು ಈಗಲೂ ಅಷ್ಟೇ ಎಂದರು ಅಂಕಲ್. ಆದರೆ ನಿಮ್ಮ ಕಂಠ ಒಳ್ಳೆಯದೆಂದು ಕೊನೆಗೊಂದು ಸಾಲು ಬರೆದಿದ್ದೆ, ಜಾಹೀರಾತಿಗೆ ಜಾಗ ಬೇಕೆಂದು ಸಂಪಾದಕರು ಅದನ್ನು ಕತ್ತರಿಸಿಬಿಟ್ಟರು ಎಂದೂ ಹೇಳಿದರು. ಆ ಮನುಷ್ಯ ಅಂಕಲ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿ ಹೊರಟುಹೋದರು.

ಬಸ್ಸಿನಲ್ಲಿ ಕೇಳಿದೆ, "ನಿಜವಾಗ್ಲೂ ಬರ್ದಿದ್ರಾ ಅಂಕಲ್?"

"ಅವರ ಹಾಡು ಕೇಳಿದ್ದೇ ನೆನಪಿಲ್ಲ ನನಗೆ." ಕಿಟಕಿಗೆ ತಲೆ ಒರಗಿಸಿದರು. "ಬರೀ ಹೊಗಳಿದ್ರೆ ಅವರು ನಂಬ್ತಿರ್ಲಿಲ್ಲ. ಇಷ್ಟು ವರ್ಷ ಅದನ್ನೇ ಹೊತ್ತುಕೊಂಡು ತಿರುಗಿದ್ದಾರೆ ಪಾಪ. ಮತ್ತೆ ಎಂತ ಹೇಳ್ಬೇಕಿತ್ತು?"

ಚಳಿಗಾಲದಲ್ಲಿ ಅಂಕಲ್ ಆಸ್ಪತ್ರೆ ಸೇರಿದರು. ಕೊನೆಯ ಸಲ ನೋಡಲು ಹೋದಾಗ, "ಆ ಗಡ್ಡದವರ ರೆಕಾರ್ಡು ಎಲ್ಲಾದ್ರೂ ಸಿಗ್ತದಾ ನೋಡು ಮಾರಾಯ. ಒಮ್ಮೆ ಸರಿಯಾಗಿ ಕೇಳ್ಬೇಕು" ಎಂದರು. ಹಳೆಯ ರೆಕಾರ್ಡಿನ ಅಂಗಡಿಗಳಲ್ಲಿ ವಿಚಾರಿಸಿ ತರಿಸಿದೆ. ಅದು ಕೈಗೆ ಬರುವಷ್ಟರಲ್ಲಿ ಅವರನ್ನು ಮಣ್ಣು ಮಾಡಿ ಆಗಿತ್ತು.

ನಾನೊಬ್ಬನೇ ಕೂತು ಪೂರ್ತಿ ಕೇಳಿದೆ. ಆ ಕಂಠದಲ್ಲಿ ಹೆಚ್ಚೇನೂ ಇರಲಿಲ್ಲ. ಯಾರಿಗೂ ಹೇಳಲು ಹೋಗಿಲ್ಲ.