ಶ್ರೀರಾಂಪುರದಿಂದ ಕೆಸರೆಗೆ ಎರಡು ಟಿಕೆಟ್ಟು

ಬೆಳಿಗ್ಗೆ ಒಂಬತ್ತಕ್ಕೆ ಶ್ರೀರಾಂಪುರ ಬಿಟ್ಟೆ. ಊರಿನ ದಕ್ಷಿಣದ ತುದಿಯಿಂದ ಉತ್ತರದ ಕೆಸರೆಗೆ, ತಂಗಿಯ ಮನೆಗೆ ನಿಂಬೆ ಸಸಿಯೊಂದನ್ನು ತಲುಪಿಸುವ ದಂಡಯಾತ್ರೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ನರೆಗೂದಲಿಗೆ ಮರ್ಯಾದೆ ಕೊಟ್ಟು ಯಾರೋ ಸೀಟು ಬಿಟ್ಟರು. ಕಂಡಕ್ಟರ್ ಮುಂದುಗಡೆ ಸಿಕ್ಕಿಕೊಂಡಿದ್ದರು. ಇಂಥ ರಶ್ಶಿನಲ್ಲಿ ದುಡ್ಡು ಕೈಯಿಂದ ಕೈಗೆ ಮುಂದೆ ಹೋಗುತ್ತದೆ, ಟಿಕೆಟ್ಟು ಹಾಗೆಯೇ ಹಿಂದಕ್ಕೆ ಬರುತ್ತದೆ. ನನ್ನದು ಬಂತು. ಹಳೆಯ ಪದ್ಧತಿಯಂತೆ ವಾಚಿನ ಪಟ್ಟಿಯಡಿ ಸಿಕ್ಕಿಸಿದೆ.

ವಿದ್ಯಾರಣ್ಯಪುರಂನಲ್ಲಿ ಗಾರೆ ಕೆಲಸದವನೊಬ್ಬ ಹಿಂಬಾಗಿಲಿನಿಂದ ಹತ್ತಿದ. ಚೀಲದಿಂದ ಕರಣೆಯ ಹಿಡಿ ಇಣುಕುತ್ತಿತ್ತು. "ಕೆಸರೆ ಒಂದು" ಎಂದು ನನ್ನ ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೂವಮ್ಮನ ಕೈಗೆ ನೋಟು ಕೊಟ್ಟ. ಸೆಖೆ. ಸಿಗ್ನಲ್ಲಿಗೊಂದು ನಿಲುಗಡೆ. ಎಡಗಿವಿ ಕಡಿದು ಚಡಪಡಿಸುತ್ತಿದ್ದ ನಾನು, ಕೈಗೆ ಬಂದ ಕಾಗದವನ್ನು ಸುರುಳಿ ಸುತ್ತಿ ಕಿವಿಗೆ ಹಾಕಿಕೊಂಡೆ. ಈಗಿನ ಟಿಕೆಟ್ಟು ಬಲು ತೆಳು, ಎರಡು ಸುತ್ತು ಹೆಚ್ಚು ಬೇಕು.

ಅಗ್ರಹಾರದ ಬಳಿ ತನಿಖೆಯವರು ಹತ್ತಿ ಬಸ್ಸನ್ನು ಪಕ್ಕಕ್ಕೆ ಹಾಕಿಸಿದರು.

"ದುಡ್ಡು ಕೊಟ್ಟಿವ್ನಿ ಸಾ, ಟಿಕೆಟ್ ಬಂದಿಲ್ಲ," ಎಂದ ಗಾರೆಯವನು.

"ಫೈನ್ ಕಟ್ಟು, ಇಲ್ಲಾ ಇಳಿ."

"ಹತ್ತಕ್ಕೆ ಮೇಸ್ತ್ರಿ ಟೆಂಪೋ ಹೊರಡ್ತದೆ ಸಾ. ತಪ್ಪುದ್ರೆ ಇನ್ನೊಬ್ಬನ್ನ ಕರ್ಕೊಂಡೋಯ್ತಾರೆ. ವಾರದಿಂದ ಕೆಲ್ಸ ಇಲ್ಲ."

ಸಾರ್ವಜನಿಕ ಹಿತದೃಷ್ಟಿಯಿಂದ ನಾನು ಮಧ್ಯಪ್ರವೇಶಿಸಿದೆ. "ಏನಪ್ಪಾ, ಇಷ್ಟು ಜನ ಟಿಕೆಟ್ ತಗೊಂಡು ಕೂತಿಲ್ವೇ?" ಎಂದು ಬೆರಳಲ್ಲಿದ್ದ ಸುರುಳಿಯನ್ನೇ ಎತ್ತಿ ತೋರಿಸಿದೆ.

"ಇಳ್ಸಿ ಸಾರ್, ಆಫೀಸಿಗೆ ಲೇಟಾಯ್ತು," ಎಂದು ಮುಂದಿನಿಂದ ಇಬ್ಬರು ದನಿಗೂಡಿಸಿದರು.

ಹೂವಮ್ಮ ಸಿಡಿದಳು. "ಆ ನೋಟು ನನ್ ಕೈ ದಾಟೇ ಹೋಗಿದ್ದು ಕಣ್ರೀ! ಫ್ರೀಯಾಗಿ ಓಡಾಡೋಳು ನಾನು, ಸುಳ್ಳು ಹೇಳೋ ದರ್ದೇನು? ಮೊದ್ಲು ಈ ಯಜಮಾನ್ರದ್ದು ನೋಡಿ."

ಗಂಭೀರವಾಗಿ ಸುರುಳಿಯನ್ನು ಒಪ್ಪಿಸಿದೆ. ತನಿಖೆಯವರು ಮೂಗು ಸಿಂಡರಿಸಿಕೊಂಡೇ ಬಿಚ್ಚಿದರು.

"ಎಲ್ಲಿ ಹತ್ತಿದ್ರಿ?"

"ಶ್ರೀರಾಂಪುರ."

"ಇದು ವಿದ್ಯಾರಣ್ಯಪುರಂದು."

ವಾಚಿನ ಕಡೆ ನೋಡಿಕೊಂಡೆ. ನನ್ನ ಟಿಕೆಟ್ಟು ಪಟ್ಟಿಯಡಿಯಲ್ಲಿ ಸುಖವಾಗಿತ್ತು.

"ಟಿಕೆಟ್ ಬಂದಿತ್ತು ಕಣಪ್ಪಾ, ಇವ್ರ ಕಿವೀಲಿತ್ತು!" ಎಂದಳು ಹೂವಮ್ಮ. ಬಸ್ಸೆಲ್ಲ ನಕ್ಕಿತು. ಗಾರೆಯವನು ಮಾತ್ರ ನಗಲಿಲ್ಲ. ಟಿಕೆಟ್ಟನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, "ಟೈಮೆಷ್ಟು ಸಾ?" ಎಂದ.

ಹತ್ತಕ್ಕೆ ಹದಿನೈದು ನಿಮಿಷವಿತ್ತು. ಕೆಸರೆ ಮುಟ್ಟಿದಾಗ ಹತ್ತೂ ಹತ್ತು. ಅವನು ಓಡಿದ; ಸಸಿ ಹಿಡಿದು ನಾನೂ ಓಡಿದೆ. ಟೆಂಪೋ ಗುರುಗುಡುತ್ತಿತ್ತು. ಅವನ ಜಾಗಕ್ಕೆ ಬಂದವನು ಆಗಲೇ ಒಂದು ಕಾಲು ಮೇಲಿಟ್ಟಿದ್ದ.

"ತಪ್ಪು ನನ್ನದು ಸ್ವಾಮಿ," ಎಂದು ಮೇಸ್ತ್ರಿಯ ಮುಂದೆ ನಿಂತು, ಏದುಸಿರಿನಲ್ಲೇ ಕಿವಿಯ ವೃತ್ತಾಂತವನ್ನು ಪೂರ್ತಿ ಅರುಹಿದೆ. ಮೇಸ್ತ್ರಿ ನನ್ನ ಕಿವಿಯನ್ನು ಒಂದು ನಿಮಿಷ ಪರಿಶೀಲಿಸಿದರು.

"ಇಂಥಾ ಸುಳ್ಳು ಯಾರೂ ಕಟ್ಟಕ್ಕಾಗಲ್ಲ. ಬಂದವ್ನೂ ಇರ್ಲಿ. ಇಬ್ರೂ ಅತ್ಕೊಳ್ರೋ!"

ರಶ್ಶಿನಲ್ಲೂ ಓಟದಲ್ಲೂ ಉದುರಿದ್ದು ಹೋಗಿ, ತಂಗಿಯ ಮನೆಗೆ ಮೂರೇ ಎಲೆಗಳ ಸಸಿ ಮುಟ್ಟಿತು.

ಮಧ್ಯಾಹ್ನ ವಾಪಸ್ ಬರುವಾಗಲೂ ಅದೇ ರಶ್ಶು. ಮುಂದಿನಿಂದ ಯಾರದೋ ಟಿಕೆಟ್ಟು ನನ್ನ ಕೈಗೆ ಬಂತು. ಎಡಗಿವಿ ವಿಪರೀತ ಕಡಿಯುತ್ತಿತ್ತು. ಎಲ್ಲರಿಗೂ ಕಾಣುವಂತೆ ಟಿಕೆಟ್ಟನ್ನು ತಲೆಯ ಮೇಲೆತ್ತಿ ಹಿಂದಕ್ಕೆ ದಾಟಿಸಿದೆ.